ಮಳೆಗಾಲದಲ್ಲಿ ಹಾರ್ಟ್ ಪಂಪ್‌ಗೆ ಕರೆಂಟು ತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಜೂನ್ ಬಂತೆಂದರೆ ಮಂಗಳೂರು, ಉಡುಪಿ ಕಡೆ ಲೈನಿನ ಮೇಲೆ ತೆಂಗಿನ ಮಡಲು ಬಿದ್ದು ಕರೆಂಟು ಹೋಗುವುದು ಮಾಮೂಲು. ಎಲ್‌ವಿಎಡಿ, ಅಂದರೆ ಸೋತ ಹೃದಯಕ್ಕೆ ರಕ್ತ ದೂಡಲು ನೆರವಾಗುವ ಪಂಪ್, ಹಾಕಿಸಿಕೊಂಡವರ ಮನೆಯಲ್ಲಿ ಅದಕ್ಕೆ ಮೊದಲೇ ತಯಾರಿ ಬೇಕು. ಇಲ್ಲಿರುವುದು ಹಾರ್ಟ್‌ಮೇಟ್ 3 ಎಂಬ ಪಂಪಿನ ವಿವರ. ಬೇರೆ ಪಂಪ್ ಆದರೆ ನಿಮ್ಮ ಆಸ್ಪತ್ರೆಯವರು ಹೇಳಿದ್ದೇ ಅಂತಿಮ.

ಪಂಪನ್ನು ನಡೆಸುವ, ಮೈಹೊರಗಿನ ಪುಟ್ಟ ಪೆಟ್ಟಿಗೆಯಾದ ಕಂಟ್ರೋಲರ್‌ಗೆ ಎರಡು ಪವರ್ ಕೇಬಲ್: ಒಂದು ಬಿಳಿ, ಒಂದು ಕಪ್ಪು. ಬ್ಯಾಟರಿಯಲ್ಲಿ ನಡೆಯುವಾಗ ಒಂದೊಂದಕ್ಕೆ ಒಂದೊಂದು ಬ್ಯಾಟರಿ. ಎರಡನ್ನೂ ಒಟ್ಟಿಗೆ ಬಿಚ್ಚಲೇಬಾರದು. ಒಂದು ಬ್ಯಾಟರಿ ತೆಗೆದು, ತುಂಬಿದ್ದನ್ನು ಕ್ಲಿಪ್‌ಗೆ ಕೂರಿಸಿ, ಎಳೆದು ನೋಡಿ, ಅಲಾರಂ ನಿಂತ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಎರಡೂ ಕಳಚಿದರೆ ಕಂಟ್ರೋಲರಿನೊಳಗಿನ ಬ್ಯಾಟರಿ ಪಂಪನ್ನು ನಡೆಸುವುದು ಸುಮಾರು 15 ನಿಮಿಷ. ಅದು ಆಪತ್ತಿಗೆ ಇರುವುದು, ಬದಲಾಯಿಸುವ ಅನುಕೂಲಕ್ಕಲ್ಲ.

ಮಲಗುವಾಗ ಬ್ಯಾಟರಿ ಬೇಡ, ಗೋಡೆಯ ಕರೆಂಟಿಗೇ ಹಾಕಿ. ನಿದ್ದೆಯಲ್ಲಿ ಬ್ಯಾಟರಿ ಇಳಿದ ಅಲಾರಂ ಕೇಳಿಸದೆ ಹೋಗಬಹುದು. ಆದರೆ ಸ್ವಿಚ್‌ನಿಂದ ಆರುವ ಸಾಕೆಟ್‌ಗೆ ಹಾಕಬೇಡಿ ಎನ್ನುತ್ತದೆ ಕಂಪನಿಯ ಸೂಚನೆ. ನಮ್ಮ ಮನೆಗಳಲ್ಲಿ ಸ್ವಿಚ್ ಇಲ್ಲದ ಸಾಕೆಟ್ ಎಲ್ಲಿದೆ? ಎಲೆಕ್ಟ್ರಿಷಿಯನ್ ಕರೆಸಿ ಹಾಸಿಗೆಯ ಪಕ್ಕ ಸ್ವಿಚ್ ಇಲ್ಲದ, ಅರ್ಥಿಂಗ್ ಸರಿಯಿರುವ ಮೂರು ಪಿನ್ ಸಾಕೆಟ್ ಹಾಕಿಸಿ. ಅದರ ಲೈನ್ ಬೇರೆಯೇ ಇರಲಿ. ಬಾವಿಯ ಪಂಪಿಗೆ ಒದ್ದೆ ಹಿಡಿದು ಟ್ರಿಪ್ ಆದರೆ ಇದೂ ಹೋಗಬಾರದು. ಎಕ್ಸ್‌ಟೆನ್ಷನ್ ಬೋರ್ಡ್, ಎರಡು ಪಿನ್ ಅಡಾಪ್ಟರ್ ಬೇಡವೇ ಬೇಡ.

ಕರೆಂಟು ಹೋದಾಗ ಗೋಡೆಯ ಕರೆಂಟನ್ನು ಕಂಟ್ರೋಲರಿಗೆ ಕೊಡುವ ಯೂನಿಟ್ ಕೂಗಬೇಕಾದರೆ ಅದರೊಳಗಿನ ಎಎ ಸೆಲ್ ಚೆನ್ನಾಗಿರಬೇಕು. ಆರು ತಿಂಗಳಿಗೊಮ್ಮೆ, ಅಂದರೆ ಮೇ ಮತ್ತು ನವೆಂಬರಿನಲ್ಲಿ, ಬದಲಿಸಿ. ಕೂಗಿದರೆ ಇನ್ವರ್ಟರ್ ನಂಬಿ ಕೂರಬೇಡಿ; ಟಾರ್ಚ್ ಹಾಕಿ, ಒಂದೊಂದೇ ಕೇಬಲ್ ಬ್ಯಾಟರಿಗೆ ಬದಲಿಸಿ. ಜೋರು ಗುಡುಗು ಸಿಡಿಲಿಗೂ ಇದೇ ಒಳ್ಳೆಯದು.

ಹೊಸ ಬ್ಯಾಟರಿಗಳ ಒಂದು ಜೋಡಿ 17 ಗಂಟೆಯವರೆಗೂ ಬರಬಹುದು, ಆದರೆ ಲೆಕ್ಕ 10ರದ್ದೇ ಇಡಿ. ಎಂಟು ಬ್ಯಾಟರಿಗೆ 40 ಗಂಟೆ. ಎರಡು ಜೋಡಿ ಮುಗಿಯುವಷ್ಟರಲ್ಲೂ ಕರೆಂಟು ಬರದಿದ್ದರೆ, ದಾರಿಗೆ ಮರ ಬೀಳುವ ಮೊದಲೇ, ಚಾರ್ಜರ್ ಸಮೇತ ಕರೆಂಟಿರುವ ಮನೆಗೋ ಆಸ್ಪತ್ರೆಗೋ ಹೊರಡಿ. ಚಾರ್ಜ್ ಆಗಲು ಸುಮಾರು ನಾಲ್ಕು ಗಂಟೆ ಬೇಕು. ಕಂಟ್ರೋಲರಿನಲ್ಲಿ ಹಳದಿ ದೀಪ ಬಂದರೆ ಉಳಿದದ್ದು 15 ನಿಮಿಷಕ್ಕಿಂತ ಕಡಿಮೆ, ಕೆಂಪು ಬ್ಯಾಟರಿ ದೀಪಕ್ಕೆ ಐದಕ್ಕಿಂತ ಕಡಿಮೆ.

ಕರಾವಳಿಯ ಉಪ್ಪುಗಾಳಿಗೆ ಲೋಹದ ಸಂಪರ್ಕಗಳು ಮಂಕಾಗುತ್ತವೆ. ತಿಂಗಳಿಗೊಮ್ಮೆ ನೂಲು ಬಿಡದ ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಮೆಸ್ಕಾಂ ಸೆಕ್ಷನ್ ಆಫೀಸಿಗೆ ಆರ್.ಆರ್. ನಂಬರ್ ಬರೆದು, ವೈದ್ಯರ ಪತ್ರದೊಂದಿಗೆ ಮುಂಚೆಯೇ ಅರ್ಜಿ ಕೊಟ್ಟಿಡಿ. ಲೈನ್ ಬೇಗ ಬರುತ್ತದೆಂಬ ಖಾತರಿಯೇನೂ ಇಲ್ಲ, ಆದರೂ 1912ಕ್ಕೆ ಫೋನ್ ಮಾಡಿದಾಗ ವಿಷಯ ಬಿಡಿಸಿ ಹೇಳುವ ಕೆಲಸ ತಪ್ಪಬಹುದು.