ಹದಿನಾಲ್ಕು ಗುರಿ ಬಿಟ್ಟು ಮೂರಕ್ಕೆ ಇಳಿದೆ: ಮೊದಲ ಸೆಮಿಸ್ಟರ್ ಬರವಣಿಗೆ ತರಗತಿಯ ನನ್ನ ಅನುಭವ

"ಪಿಯುಸಿ ಮುಗಿಸಿಯೂ ನಾಲ್ಕು ಸಾಲು ನೆಟ್ಟಗೆ ಬರೆಯದವರು ಇಲ್ಲಿ ಬಂದು ಕಲೀತಾರಾ ಮೇಡಂ? ನೋಟ್ಸ್ ಬರೆಸಿ, ಪಾಸಾಗ್ತಾರೆ." ಸ್ಟಾಫ್ ರೂಮಿನಲ್ಲಿ ಈ ಮಾತನ್ನು ಕಡಿಮೆ ಅಂದರೂ ಮೂರು ವರ್ಷ ಕೇಳಿದೆ. ಹೇಳಿದವರು ಕೆಟ್ಟವರಲ್ಲ, ಅನುಭವದಿಂದಲೇ ಹೇಳಿದ್ದು. ಆದರೆ ಕಳೆದ ವರ್ಷ ನನ್ನ ಬಿ.ಎ. ಮೊದಲ ಸೆಮಿಸ್ಟರ್‌ನ ಅರವತ್ತು ಚಿಲ್ಲರೆ ಮಕ್ಕಳಲ್ಲಿ ಐವತ್ತಕ್ಕೂ ಜಾಸ್ತಿ ಜನ ಎಂಟಕ್ಕೆ ಎಂಟೂ ಬರಹ ಮುಗಿಸಿದರು, ಅದೂ ಒಂದೊಂದನ್ನು ಮೂರು ಮೂರು ಸಲ ಬರೆದು. ಅದೇ ಸಹೋದ್ಯೋಗಿ ಈಗ ನನ್ನ ಹಾಳೆಗಳ ಕಟ್ಟನ್ನು ನೋಡಿಕೊಡ್ತೀನಿ ಅಂತ ಮನೆಗೆ ತೆಗೆದುಕೊಂಡು ಹೋಗಿದ್ದಾರೆ. ಹೇಗೆ ಮಾಡಿದೆ ಅಂತ ಬೇರೆಯವರೂ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

2021ರಲ್ಲಿ ಹೊಸ ಶಿಕ್ಷಣ ನೀತಿಯ ಸಿಲಬಸ್ ಬಂತಲ್ಲ, ಆಗ ನಾನು ಬಹಳ ಹುರುಪಿನಲ್ಲಿದ್ದೆ. ಹದಿನಾಲ್ಕು ಗುರಿಗಳ ಒಂದು ಪಟ್ಟಿ ಮಾಡಿದೆ. ವಿಮರ್ಶಾತ್ಮಕ ಚಿಂತನೆ ಬೆಳೆಸಿಕೊಳ್ಳುವುದು, ಅಭಿವ್ಯಕ್ತಿ ಸಾಮರ್ಥ್ಯ ವೃದ್ಧಿಸಿಕೊಳ್ಳುವುದು, ಹೀಗೆ. ಎರಡು ಪುಟ, 58 ಮಕ್ಕಳು, ಜೆರಾಕ್ಸಿಗೆ ನೂರಿಪ್ಪತ್ತು ರೂಪಾಯಿ ಹತ್ತಿರ ಹೋಯಿತು. ಮೂರನೇ ವಾರ ಆ ಹಾಳೆ ಯಾರ ಹತ್ತಿರ ಇದೆ ಅಂತ ಕೇಳಿದೆ. ನಾಲ್ಕು ಕೈ ಎದ್ದವು. ಅದರಲ್ಲಿ ಒಬ್ಬ ಹುಡುಗಿಯನ್ನು ಕೇಳಿದೆ, ಅಭಿವ್ಯಕ್ತಿ ಸಾಮರ್ಥ್ಯ ವೃದ್ಧಿಯಾಯಿತು ಅಂತ ನಿನಗೆ ಹೇಗಮ್ಮ ಗೊತ್ತಾಗುತ್ತೆ? "ನೀವು ಮಾರ್ಕ್ಸ್ ಕೊಟ್ಟಾಗ ಮೇಡಂ" ಅಂದಳು. ಆ ಉತ್ತರ ಬಹಳ ದಿನ ತಲೆಯಲ್ಲಿ ಕೊರೆಯಿತು. ಮುಟ್ಟಿದೆನೋ ಇಲ್ಲವೋ ಅಂತ ಬರೆದವಳಿಗೇ ಗೊತ್ತಾಗದಿದ್ದರೆ ಆ ಗುರಿ ನನ್ನದು, ಅವಳದ್ದಲ್ಲ ಅಲ್ವಾ?

ಮುಂದಿನ ವರ್ಷ ಕೆಂಪು ಪೆನ್ನು ಹಿಡಿದೆ. ಒಂದು ತಪ್ಪನ್ನೂ ಬಿಡಬಾರದು ಅಂತ ಹಟ. ನಮ್ಮ ಕಡೆ ಹಳ್ಳಿ ಅನ್ನುವುದು 'ಅಳ್ಳಿ' ಆಗುತ್ತೆ, ಹಾಗೆ ಆಗಬಾರದು ಅಂತ ಬೈಸಿಕೊಂಡ ಮಕ್ಕಳು ಅಕ್ಕಿಗೂ 'ಹಕ್ಕಿ' ಅಂತ ಬರೆಯುತ್ತಾರೆ. ಲ-ಳ, ಶ-ಷ, ಒತ್ತಕ್ಷರ ಎಲ್ಲಕ್ಕೂ ಸುತ್ತು ಹಾಕಿದೆ. ಒಂದು ಹಾಳೆಗೆ ಹತ್ತು ನಿಮಿಷ, ಒಂದು ಸುತ್ತಿಗೆ ಹತ್ತು ಗಂಟೆ. ಭಾನುವಾರ ಪೂರ್ತಿ ಹೋಗುತ್ತಿತ್ತು. ಇಷ್ಟು ಮಾಡಿ ಆದದ್ದೇನು? ಒಂದು ಪುಟ ಬರೆಯುತ್ತಿದ್ದವರು ನವೆಂಬರ್ ಹೊತ್ತಿಗೆ ಆರು ಸಾಲಿಗೆ ಬಂದರು. ಕಡಿಮೆ ಬರೆದರೆ ತಪ್ಪೂ ಕಡಿಮೆ, ಅಷ್ಟು ಲೆಕ್ಕ ಅವರಿಗೂ ಬರುತ್ತೆ. ಆ ವರ್ಷ ಎಲ್ಲ ಬರಹ ಮುಗಿಸಿದವರು ಹನ್ನೊಂದೋ ಹನ್ನೆರಡೋ ಜನ.

ಮೂರನೇ ವರ್ಷ ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಿ ಅಂದೆ. ಒಬ್ಬನ ಪ್ರಬಂಧ ಇಪ್ಪತ್ತು ಜನರ ಹೆಸರಿನಲ್ಲಿ ಬಂತು. ಇದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

2024ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದು ಬಂತು, ಸಿಲಬಸ್ ಮತ್ತೆ ಬದಲಾಯಿತು. ಆಗ ಪಟ್ಟಿ ಪೂರ್ತಿ ಕೈಬಿಟ್ಟು ಮೊದಲ ದಿನ ಬೋರ್ಡಿನ ಮೇಲೆ ಮೂರೇ ಮಾತು ಬರೆದೆ. ಒಂದು, ಬರಹದಲ್ಲಿ ನೀನು ಕಣ್ಣಾರೆ ಕಂಡ, ಪಕ್ಕದವರಿಗೆ ಗೊತ್ತಿಲ್ಲದ ಒಂದು ವಿಷಯವಾದರೂ ಇರಬೇಕು. ಎರಡು, ಮೂರು ಸಲ ಬರೆಯಬೇಕು, ಮೂರೂ ಹಾಳೆ ಸೇರಿಸಿ ಪಿನ್ ಹೊಡೆದು ಕೊಡಬೇಕು. ಮೂರು, ಪಕ್ಕದವರಿಗೆ ಓದಿ ಹೇಳಿದರೆ ಅವರು ಅದನ್ನು ಒಂದು ವಾಕ್ಯದಲ್ಲಿ ತಿರುಗಿ ಹೇಳುವ ಹಾಗಿರಬೇಕು. ಈ ಮೂರನ್ನೂ ಅವರೇ ನೋಡಿಕೊಳ್ಳಬಹುದು, ನಾನು ಬೇಕಾಗಿಲ್ಲ. ಕಾಗುಣಿತ ಮೂರನೇ ಹಾಳೆಯಲ್ಲಿ ಮಾತ್ರ, ಮೊದಲ ಹಾಳೆಯಲ್ಲಿ ಅಳ್ಳಿ ಅಂತಲೇ ಬರೀರಿ ಅಂದೆ. ಇದಕ್ಕೆ ಸ್ಟಾಫ್ ರೂಮಿನಲ್ಲಿ ಸಾಕಷ್ಟು ಮಾತು ಕೇಳಬೇಕಾಯಿತು. ಕನ್ನಡ ಮೇಡಮ್ಮೇ ತಪ್ಪು ಬರೀರಿ ಅಂದ್ರೆ ಹೇಗೆ ಅಂತ.

ಒಂದು ಉದಾಹರಣೆ ಕೊಡಲೇಬೇಕು. ನಮ್ಮದು ತಿಪಟೂರು ಸೀಮೆ, ಅರ್ಧ ಮಕ್ಕಳ ಮನೆಯಲ್ಲಿ ತೆಂಗಿನ ತೋಟ. ಒಬ್ಬ ಹುಡುಗ ಮೊದಲ ಹಾಳೆಯಲ್ಲಿ ಬರೆದದ್ದು 'ತೆಂಗು ಕಲ್ಪವೃಕ್ಷ, ಇದರಿಂದ ಮಾನವನಿಗೆ ಅನೇಕ ಉಪಯೋಗಗಳಿವೆ.' ಹೈಸ್ಕೂಲಿನಿಂದ ಬಂದ ಸಾಲು ಅದು. ನಾನು ತಿದ್ದಲಿಲ್ಲ. ನಿಮ್ಮ ಮನೆ ಅಟ್ಟದಲ್ಲಿ ಏನಿದೆ ಅಂತ ಮಾತ್ರ ಕೇಳಿದೆ. ಮೂರನೇ ಹಾಳೆ ಹೊತ್ತಿಗೆ ಅವನು ಬರೆದ: ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತಿರುತ್ತೆ, ಅಜ್ಜಿ ಆಗಾಗ ಒಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ನೀರಿನ ಸದ್ದು ಹೋಗಿ ಗೊಟಗೊಟ ಅಂದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಅಂತ ಲೆಕ್ಕ, ಆ ಸದ್ದು ಬರುವ ತನಕ ನಮ್ಮ ಮನೆಯಲ್ಲಿ ಯಾರೂ ಹೊಸ ಸಾಲ ಮಾಡುವ ಹಾಗಿಲ್ಲ. ನಾನು ಈ ಕೆಲಸದಲ್ಲಿ ಹದಿಮೂರು ವರ್ಷದಿಂದ ಇದ್ದೇನೆ, ಅಂಥ ಸಾಲು ನನ್ನ ತರಗತಿಯಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ.

ಹಾಳೆ ವಿಷಯ ಸಣ್ಣದು ಅನ್ನಿಸಬಹುದು, ಆದರೆ ಅರ್ಧ ಕೆಲಸ ಅದೇ ಮಾಡಿತು. ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆಸಿದರೆ ಮಕ್ಕಳು ಪುಟ ಹಾಳಾಗುತ್ತೆ ಅಂತ ಹೆದರುತ್ತಾರೆ. ಹೊಡೆದು ಹಾಕುವುದಕ್ಕೆ ಕೈಯೇ ಬರುವುದಿಲ್ಲ. ಅದಕ್ಕೆ ಜೆರಾಕ್ಸ್ ಅಂಗಡಿಯಿಂದ ಒಂದು ಕಡೆ ಖಾಲಿ ಇರುವ ರದ್ದಿ ಹಾಳೆ ತಂದೆ. ಕೆಜಿಗೆ ಇಪ್ಪತ್ತೈದೋ ಮೂವತ್ತೋ ಕೊಟ್ಟೆ. ಒಂದು ಕೆಜಿಗೆ ಎ4 ಹಾಳೆ ಇನ್ನೂರು ಚಿಲ್ಲರೆ ಬರುತ್ತೆ. ಮೊದಲೆರಡು ಸಲದ ಬರವಣಿಗೆ ಅದರ ಮೇಲೆ, ಮೂರನೆಯದು ಮಾತ್ರ ಹೊಸ ಹಾಳೆಯಲ್ಲಿ. ಇಡೀ ಸೆಮಿಸ್ಟರಿಗೆ ರದ್ದಿ, ಪಿನ್ನು ಎಲ್ಲ ಸೇರಿ ಇನ್ನೂರೈವತ್ತು ದಾಟಲಿಲ್ಲ. ರದ್ದಿ ಹಾಳೆ ಮೇಲೆ ಬರೆಯುವಾಗ ಅವರ ಕೈ ಓಡುವ ವೇಗವೇ ಬೇರೆ, ಮಾಡಿ ನೋಡಿ.

ಕೊನೆಗೆ ಏನು ಬರಬೇಕು ಅನ್ನುವುದಕ್ಕೂ ಒಂದು ಗಟ್ಟಿ ಗುರಿ ಬೇಕಿತ್ತು. ಪ್ರಬಂಧ ಬೇಡ ಅನ್ನಿಸಿತು, ಅದನ್ನು ನಾನು ಬಿಟ್ಟರೆ ಯಾರೂ ಓದುವುದಿಲ್ಲ. ಸರ್ಕಾರಿ ಕಚೇರಿಯ ದಾಖಲೆ ಕೇಳುವ ಮಾಹಿತಿ ಹಕ್ಕು ಅರ್ಜಿ ಇಟ್ಟೆ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಇನ್ನೊಂದು ಮಾತಿದೆ: ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಬರವಣಿಗೆ ಕಲಿಸುವವರಿಗೆ ಇದಕ್ಕಿಂತ ಒಳ್ಳೆ ಪಾಠ ಬೇಕಾ?

ಮೊದಲ ಸಲ ಎಂಟು ಅರ್ಜಿ ಕಳಿಸಿದೆವು, ಪೋಸ್ಟಲ್ ಆರ್ಡರ್ ಮತ್ತು ಅಂಚೆ ಖರ್ಚು ನಾನೇ ಹಾಕಿದೆ, ನಾನೂರರ ಹತ್ತಿರ ಆಯಿತು. ಐದು ಸೋತವು. ಒಬ್ಬಳು ಬೀದಿ ದೀಪ, ಚರಂಡಿ ಎರಡನ್ನೂ ಸೇರಿಸಿ ಕೇಳಿದ್ದಳು, ಒಂದೇ ವಿಷಯ ಇರಲಿ ಅಂತ ವಾಪಸ್ ಬಂತು. ಉಳಿದ ನಾಲ್ವರು 'ಯಾಕೆ ಮಾಡಿಲ್ಲ' ಅಂತ ಕೇಳಿದ್ದರು. ಯಾಕೆ ಅನ್ನುವುದಕ್ಕೆ ಕಡತದಲ್ಲಿ ಉತ್ತರ ಇರುವುದಿಲ್ಲ. ಇರುವ ದಾಖಲೆ ಕೊಡುವುದಷ್ಟೇ ಕಚೇರಿಯವರ ಕೆಲಸ, ಕಾರಣ ಹೇಳುವುದಲ್ಲ. 'ನಮ್ಮೂರಿಗೆ ಯಾಕೆ ದೀಪ ಹಾಕಿಲ್ಲ' ಅನ್ನುವುದನ್ನು 'ಈ ವರ್ಷ ನಮ್ಮೂರಿಗೆ ಎಷ್ಟು ಬೀದಿ ದೀಪ ಖರೀದಿಯಾಗಿದೆ, ಬಿಲ್ಲಿನ ನಕಲು ಕೊಡಿ' ಅಂತ ತಿರುಗಿಸುವುದಕ್ಕೆ ಎರಡು ಪೂರ್ತಿ ಪೀರಿಯಡ್ ಹಿಡಿಯಿತು. ಆ ಎರಡು ಪೀರಿಯಡ್‌ನಲ್ಲಿ ಮಕ್ಕಳು ವಾಕ್ಯದ ಬಗ್ಗೆ ಕಲಿತಷ್ಟು ನಾನು ವ್ಯಾಕರಣ ಹೇಳಿದ ತಿಂಗಳಲ್ಲೂ ಕಲಿತಿರಲಿಲ್ಲ. ಮುಂದಿನ ಸುತ್ತಿನಲ್ಲಿ ಇಪ್ಪತ್ತರಷ್ಟು ಹೋದವು, ಹನ್ನೆರಡು ಹದಿಮೂರಕ್ಕೆ ಉತ್ತರ ಬಂತು. ಒಂದು ಹಳ್ಳಿಯಲ್ಲಿ ಉತ್ತರಕ್ಕೆ ಮೊದಲೇ ದೀಪ ಬಂತು.

ಪದ ಎಣಿಸುವಾಗ ಒಳ್ಳೆ ಜಗಳವಾಯಿತು. 'ಒದಗಿಸಿಕೊಡಬೇಕೆಂದು' ಒಂದು ಪದವೋ ಮೂರೋ? ಬಿಡಿಸಿ ಬರೆದರೆ ಅರ್ಜಿ 150 ದಾಟುತ್ತೆ, ಕೂಡಿಸಿದರೆ 130ಕ್ಕೆ ನಿಲ್ಲುತ್ತೆ. ಸಂಧಿ ಯಾಕೆ ಬೇಕು ಅಂತ ಪಿಯುಸಿಯಲ್ಲಿ ಗೊಣಗಿದ ಹುಡುಗರೇ ಆ ದಿನ ಪದ ಕೂಡಿಸುವುದಕ್ಕೆ ಕೂತರು. ನನಗೆ ಬಹಳ ಖುಷಿ ಕೊಟ್ಟ ದಿನ ಅದು.

ನಡುವೆ ಬೇರೆ ಬೇರೆ ಪ್ರಯೋಗವೂ ಮಾಡಿದೆ. ಮೊಬೈಲಿಗೆ ಕನ್ನಡದಲ್ಲಿ ಮಾತಾಡಿ ಮೊದಲ ಹಾಳೆ ಮಾಡಿಸಿ ನೋಡಿದೆ, ಎರಡು ವಾರ. ಮಾತು ಮೂರು ಪಟ್ಟು ಜಾಸ್ತಿ ಬಂತು, ಬರೆಯಲು ಹೆದರುವ ಮಕ್ಕಳಿಗೆ ನಿಜವಾಗಿ ಅನುಕೂಲವಾಯಿತು. ಆದರೆ ಎಲ್ಲಿಯೂ ಪೂರ್ಣವಿರಾಮವಿಲ್ಲ, ಊರಿನ ಪದಗಳನ್ನು ಮೊಬೈಲು ಬೇರೇನೋ ಮಾಡಿಬಿಡುತ್ತೆ. ಈಗ ತೀರಾ ಹಿಂಜರಿಯುವ ನಾಲ್ಕೈದು ಜನಕ್ಕೆ ಮಾತ್ರ ಅದನ್ನು ಕೊಡುತ್ತೇನೆ. ಚಾಟ್‌ಜಿಪಿಟಿಯಲ್ಲಿ ಬರೆಸಿ ತರುವವರೂ ಇದ್ದಾರೆ. ಮೊದಲ ಹಾಳೆಯನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ, ಅದನ್ನು ಮೂರನೆಯದರ ಜೊತೆ ಪಿನ್ ಹೊಡೆಸುವುದರಿಂದ ಆ ತಲೆನೋವು ಬಹುಪಾಲು ಹೋಯಿತು.

ತಿದ್ದುವುದು ಈಗ ಹಾಳೆಗೆ ಮೂರು ನಿಮಿಷ. ಎರಡೇ ಮಾತು ಬರೆಯುತ್ತೇನೆ, ಪೆನ್ಸಿಲ್ಲಿನಲ್ಲಿ: ಯಾವ ಸಾಲು ಚೆನ್ನಾಗಿದೆ, ಯಾವುದು ನನಗೆ ಅರ್ಥವಾಗಲಿಲ್ಲ. ಒಂದು ಸುತ್ತು ಮೂರೂವರೆ ಗಂಟೆಯಲ್ಲಿ ಮುಗಿಯುತ್ತೆ. ಪಕ್ಕದವರಿಗೆ ಓದಿ ಹೇಳುವ ಜೋಡಿಗಳನ್ನು ನಾನು ಹೇಗೆ ಕೂರಿಸುತ್ತೇನೆ ಅನ್ನುವುದು ನನ್ನ ಗುಟ್ಟು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಇನ್ನೂ ಎರಡು ಬ್ಯಾಚಿನಲ್ಲಿ ನೋಡಬೇಕು. ರೋಲ್ ನಂಬರ್ ಪ್ರಕಾರ ಕೂರಿಸಿದರೆ ಆಗುವುದಿಲ್ಲ ಅಂತ ಮಾತ್ರ ಹೇಳಬಲ್ಲೆ.

ಆಗದ್ದೂ ಇದೆ. ಬಿ.ಕಾಂ. ಸೆಕ್ಷನ್ನಿನಲ್ಲಿ ಆರನೇ ವಾರ ಶುರು ಮಾಡಿದೆ, ಮೊದಲೈದು ವಾರ ನೋಟ್ಸ್ ಬರೆಸಿಬಿಟ್ಟಿದ್ದೆ. ಅವರಿಗೆ ಒಂದು ಸಲ ನೋಟ್ಸ್ ಸಿಕ್ಕಿತ್ತು, ಇನ್ನು ರದ್ದಿ ಹಾಳೆ ಯಾರಿಗೆ ಬೇಕು? ನಲವತ್ತರಲ್ಲಿ ಒಂಬತ್ತು ಜನ ಮಾತ್ರ ಕೊನೆ ತನಕ ಬಂದರು. ಈ ಸಲ ಅವರಿಗೂ ಮೊದಲ ದಿನವೇ ಬೋರ್ಡಿನ ಮೇಲೆ ಆ ಮೂರು ಮಾತು ಬರೆಯುತ್ತೇನೆ. ಜೆರಾಕ್ಸ್ ಅಂಗಡಿಯವರಿಗೆ ಆರು ಕೆಜಿ ಎತ್ತಿಡಿ ಅಂತ ಈಗಲೇ ಹೇಳಿ ಬಂದಿದ್ದೇನೆ.