ಮೇಲೆ ಐಸ್ ಇದೆ, ಕೆಳಗೆ ಹಾಲು ಒಡೆಯುತ್ತಿದೆ: ನಮ್ಮ ಮನೆ ಫ್ರಿಜ್ ಸರಿಮಾಡಿದ್ದು ಹೀಗೆ

ಏಪ್ರಿಲ್ ಮೊದಲ ವಾರ. ದಾವಣಗೆರೆಯ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ ಒಂಬತ್ತಕ್ಕೇ ಸೆಕೆ ಶುರುವಾಗಿತ್ತು. ಅಡುಗೆಮನೆಯಿಂದ ಹೆಂಡತಿ ಕರೆದಳು. "ರೀ, ಇಲ್ಲಿ ಬರ್ರಿ. ಹಿಟ್ಟು ಪಾತ್ರೆಯಿಂದ ಹೊರಗೆ ಬಂದೈತಿ ನೋಡ್ರಿ." ರಾತ್ರಿ ಫ್ರಿಜ್‌ನಲ್ಲಿ ಇಟ್ಟಿದ್ದ ದೋಸೆ ಹಿಟ್ಟು ಒಳಗೇ ಉಬ್ಬಿ, ಕೆಳಗಿನ ತರಕಾರಿ ಡಬ್ಬದವರೆಗೆ ಹರಿದಿತ್ತು. ಹಿಂದಿನ ದಿನದ ಹಾಲೂ ಕಾಯಿಸಿದ ಕೂಡಲೇ ಒಡೆಯಿತು.

ಹಾಲು, ಹಿಟ್ಟು ಹೋದರೆ ಹೋಗಲಿ. ನನಗೆ ಚಿಂತೆ ಹತ್ತಿದ್ದು ಅವ್ವನ ಇನ್ಸುಲಿನ್‌ದು. ಇನ್ನೂ ತೆರೆಯದ ಬಾಟ್ಲಿಯನ್ನು 2ರಿಂದ 8 ಡಿಗ್ರಿ ಒಳಗೆ ಇಡಬೇಕು. "ನನ್ನ ಇಂಜೆಕ್ಷನ್ ಕೆಡಂಗಿಲ್ಲೇನೋ?" ಎಂದು ಅವ್ವ ಕೇಳಿದಳು. ಅವತ್ತೇ ಬಾಟ್ಲಿಗಳನ್ನು ಪಕ್ಕದ ಮನೆಯವರ ಫ್ರಿಜ್‌ಗೆ ಸಾಗಿಸಿದೆ. ಅವು ಎಷ್ಟು ಹೊತ್ತು ಬೆಚ್ಚಗಿದ್ದವು ಅನ್ನುವುದನ್ನು ಡಾಕ್ಟರಿಗೆ ಹೇಳಿ, ಅವರು ಬದಲಾಯಿಸಿ ಎಂದದ್ದಕ್ಕೆ ಹೊಸದು ತಂದು ಅಲ್ಲೇ ಇಟ್ಟೆ. ಇದರಲ್ಲಿ ಮಾತ್ರ ಅಂದಾಜಿನ ಮೇಲೆ ಹೋಗಬಾರದು.

ನಾನು ಫ್ರಿಜ್ ರಿಪೇರಿಯವನಲ್ಲ. ಐಟಿಐ ಮುಗಿಸಿ ರೈಸ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಮೀಟರ್ ಹಿಡಿದು ದೋಷ ಹುಡುಕುವುದು ನನ್ನ ದಿನದ ಕೆಲಸ. ಆದರೂ ಮೊದಲು ಮೆಕ್ಯಾನಿಕ್‌ನನ್ನೇ ಕರೆಸಿದೆ. ಅವರು ಬಂದರು, ಬಾಗಿಲು ತೆಗೆದರು, ಕೈ ಇಟ್ಟು ನೋಡಿದರು. "ಗ್ಯಾಸ್ ಹೋಗೈತಿ ಸರ್. 2,800 ಆಗ್ತೈತಿ" ಎಂದರು. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಫ್ರಿಜ್‌ನ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಎಲ್ಲಾದರೂ ತೂತು ಬಿದ್ದರೆ ಮಾತ್ರ ಹೋಗುತ್ತದೆ. ಹಾಗೆ ಹೋಗಿದ್ದರೆ ಫ್ರೀಜರ್ ಕೂಡ ಸೋಲಬೇಕಿತ್ತು. ನಮ್ಮ ಫ್ರೀಜರ್‌ನಲ್ಲಿ ಐಸ್ ಕಲ್ಲಿನಂತೆ ಗಟ್ಟಿಯಾಗಿತ್ತು. ಫ್ರಿಜ್‌ನ ಎರಡೂ ಪಕ್ಕದ ತಗಡು ಮುಟ್ಟಿದರೆ ಚೆನ್ನಾಗಿ ಬಿಸಿ. ಅಂದರೆ ಕಂಪ್ರೆಸರ್ ಫ್ರಿಜ್ ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತಲೇ ಇದೆ. ಮೇಲೆ ತಂಪು ಹುಟ್ಟುತ್ತಿದೆ, ಕೆಳಗೆ ಇಳಿಯುತ್ತಿಲ್ಲ. ಹಾಗಿದ್ದರೆ ಹುಡುಕಬೇಕಾದದ್ದು ಗಾಳಿಯ ದಾರಿಯನ್ನು.

ನಮ್ಮದು 2011ರಲ್ಲಿ ಕೊಂಡ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್, ಅಂದರೆ ಒಳಗೆ ಕಟ್ಟಿದ ಐಸನ್ನು ತಾನೇ ಕರಗಿಸಿಕೊಳ್ಳುವಂಥದ್ದು. ಇಂಥದ್ದರಲ್ಲಿ ಸಾಮಾನ್ಯವಾಗಿ ತಂಪು ಮಾಡುವ ಕಾಯಿಲ್ ಇರುವುದು ಒಂದೇ, ಅದೂ ಫ್ರೀಜರ್‌ನ ಹಿಂದಿನ ಪ್ಲಾಸ್ಟಿಕ್ ಗೋಡೆಯ ಆಚೆ. ಅಲ್ಲೊಂದು ಸಣ್ಣ ಫ್ಯಾನ್ ಇರುತ್ತದೆ. ಅದು ಕಾಯಿಲ್ ಮೇಲಿನ ತಣ್ಣನೆ ಗಾಳಿಯನ್ನು ಫ್ರೀಜರ್‌ಗೆ ತಳ್ಳುತ್ತದೆ. ಅದರಲ್ಲೇ ಒಂದು ಪಾಲು ಕೊಳವೆಯ ಮೂಲಕ ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಕೆಳಗೆ ಬೇರೆ ಕಾಯಿಲ್ ಇಲ್ಲವೇ ಇಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು ಅಳತೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟೆ. ಬರಿ ಗಾಳಿಯ ಉಷ್ಣತೆ ಬಾಗಿಲು ತೆಗೆದ ಕೂಡಲೇ ಏರುತ್ತದೆ, ನೀರು ಅಷ್ಟು ಬೇಗ ಬದಲಾಗುವುದಿಲ್ಲ. ಬೆಳಿಗ್ಗೆ 14 ಡಿಗ್ರಿ ತೋರಿಸಿತು. 4 ಇರಬೇಕಿತ್ತು. ಪ್ಲಗ್‌ನಲ್ಲಿ ವೋಲ್ಟೇಜ್ 215, ಪರವಾಗಿಲ್ಲ. ಬಾಗಿಲ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದೆ, ನಾಲ್ಕೂ ಕಡೆ ಬಿಗಿ ಇತ್ತು. ಥರ್ಮೋಸ್ಟಾಟ್ ತಿರುಗಣೆ ಸರಿಯಾದ ಜಾಗದಲ್ಲೇ ಇತ್ತು. ಆಮೇಲೆ ಬಾಗಿಲು ತೆಗೆದು, ಫ್ಯಾನ್ ನಿಲ್ಲದ ಹಾಗೆ ಬಾಗಿಲ ಸ್ವಿಚ್ ಬೆರಳಿನಿಂದ ಒತ್ತಿ ಹಿಡಿದು, ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿದೆ. ಗಾಳಿಯೇ ಇಲ್ಲ. ಬದಲಿಗೆ ಮೇಲಿನಿಂದ "ಬರ್‍ರ್" ಎಂದು ಏನೋ ಉಜ್ಜುವ ಸದ್ದು. ಆ ಸದ್ದು ಒಂದು ವಾರದಿಂದ ಬರುತ್ತಿತ್ತು ಎಂದು ಹೆಂಡತಿ ಆಗ ಹೇಳಿದಳು.

ಪ್ಲಗ್ ಕಿತ್ತು, ಫ್ರೀಜರ್ ಖಾಲಿ ಮಾಡಿ, ಹಿಂದಿನ ಪ್ಲಾಸ್ಟಿಕ್ ಗೋಡೆಯ ಸ್ಕ್ರೂ ಬಿಚ್ಚಿದೆ. ಗೋಡೆ ಐಸಿಗೆ ಅಂಟಿಕೊಂಡಿತ್ತು. ಎಳೆಯಲಿಲ್ಲ, ಬಾಗಿಲು ತೆರೆದಿಟ್ಟು ಒಂದು ಗಂಟೆ ಕಾದೆ. ತೆಗೆದು ನೋಡಿದರೆ ಕಾಯಿಲ್ ಕಾಣಿಸಲೇ ಇಲ್ಲ. ಬಿಳಿ ಐಸಿನ ಒಂದು ಗೋಡೆ. ಅದು ಫ್ಯಾನಿನ ರೆಕ್ಕೆಯವರೆಗೂ ಬೆಳೆದಿತ್ತು.

ಐಸ್ ಕೂತ ರೀತಿಯನ್ನು ಇಲ್ಲಿ ಗಮನಿಸಬೇಕು. ಗ್ಯಾಸ್ ಕಡಿಮೆ ಆಗಿದ್ದರೆ ಕಾಯಿಲಿನ ಶುರುವಿನ ಒಂದೆರಡು ಸುತ್ತಿನ ಮೇಲೆ ಮಾತ್ರ ಹಿಮ ಕೂರುತ್ತದೆ, ಉಳಿದದ್ದು ಬರಿದಾಗಿರುತ್ತದೆ. ಇಡೀ ಕಾಯಿಲ್ ಐಸಿನಲ್ಲಿ ಹೂತುಹೋಗಿದ್ದರೆ ಗ್ಯಾಸ್ ಇದೆ, ಐಸ್ ಕರಗಿಸುವ ವ್ಯವಸ್ಥೆ ಕೆಟ್ಟಿದೆ ಎಂದು ಅರ್ಥ. ಈ ಪ್ಲಾಸ್ಟಿಕ್ ಗೋಡೆ ತೆಗೆದು ನೋಡದೆ ಯಾರಾದರೂ ಗ್ಯಾಸ್ ಹೋಗಿದೆ ಎಂದರೆ ದಯವಿಟ್ಟು ಒಪ್ಪಬೇಡಿ. ತೆಗೆದು ತೋರಿಸಿ ಎಂದು ಕೇಳಿ.

ಐಸ್ ಕೆರೆಯಲು ಚಾಕು, ಸ್ಕ್ರೂಡ್ರೈವರ್ ಮುಟ್ಟಲೇಬಾರದು. ಅಲ್ಯೂಮಿನಿಯಂ ಪೈಪು ಬಹಳ ತೆಳು. ಒಮ್ಮೆ ತೂತಾದರೆ ಗ್ಯಾಸ್ ನಿಜವಾಗಿಯೇ ಹೋಗುತ್ತದೆ. ನಮ್ಮ ಫ್ರಿಜ್‌ನಲ್ಲಿ ಇರುವುದು ಆರ್-134ಎ. ಈಚೆಗೆ ಬರುವ ಬಹಳಷ್ಟು ಫ್ರಿಜ್‌ಗಳಲ್ಲಿ ಆರ್-600ಎ ಇರುತ್ತದೆ. ಅದು ಬೆಂಕಿ ಹತ್ತುವ ಗ್ಯಾಸ್. ಹಿಂದಿನ ಲೇಬಲ್ ಮೇಲೆ ಯಾವುದು ಎಂದು ಬರೆದಿರುತ್ತದೆ, ಓದಿ ನೋಡಿ. ನಾನು ಒಂದು ಬೋಗುಣಿ ಬಿಸಿನೀರು ಫ್ರೀಜರ್ ಒಳಗಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿ, ಕೆಳಗೆ ಹಳೇ ಟವೆಲ್ ಹಾಸಿದೆ. ಪೂರ್ತಿ ಕರಗಲು ಐದು ತಾಸು ಬೇಕಾಯಿತು.

ಮತ್ತೆ ಜೋಡಿಸಿ ಚಾಲೂ ಮಾಡಿದೆ. ಮರುದಿನ ಲೋಟದ ನೀರು 4 ಡಿಗ್ರಿ. ಮನೆಯಲ್ಲಿ ಎಲ್ಲರಿಗೂ ಖುಷಿ. ನಾನೂ ಅಲ್ಲಿಗೇ ಬಿಟ್ಟೆ. ಅದು ತಪ್ಪಾಯಿತು. ಒಂಬತ್ತು ದಿನಕ್ಕೆ ಅದೇ "ಬರ್‍ರ್" ಸದ್ದು, ಲೋಟದಲ್ಲಿ 9 ಡಿಗ್ರಿ. ಕರಗಿಸಿದ್ದು ಐಸನ್ನು ಮಾತ್ರ, ಐಸ್ ಕಟ್ಟಲು ಕಾರಣವಾದದ್ದು ಒಳಗೆ ಹಾಗೇ ಇತ್ತು. ಎರಡು ದಿನ ಆಫ್ ಮಾಡಿಟ್ಟರೆ ಸರಿಹೋಗುತ್ತೆ, ಮತ್ತೆ ಕೆಡುತ್ತೆ ಎಂದು ಹಲವರು ಹೇಳುವುದು ಇದನ್ನೇ.

ಐಸ್ ಕರಗಿಸುವ ಕೆಲಸಕ್ಕೆ ನಾಲ್ಕು ಭಾಗಗಳು. ಟೈಮರ್, ಹೀಟರ್, ಬೈಮೆಟಲ್, ಥರ್ಮಲ್ ಫ್ಯೂಸ್. ಕಂಪ್ರೆಸರ್ ಕೆಲವು ತಾಸು ಓಡಿದ ಮೇಲೆ ಟೈಮರ್ ಅದನ್ನು ನಿಲ್ಲಿಸಿ ಕಾಯಿಲ್ ಕೆಳಗಿನ ಹೀಟರ್‌ಗೆ ಕರೆಂಟ್ ಕೊಡುತ್ತದೆ. ಬೈಮೆಟಲ್ ಕಾಯಿಲಿಗೆ ಕಚ್ಚಿಕೊಂಡಿರುವ ಬಟನ್ ಥರದ ಸ್ವಿಚ್. ಚೆನ್ನಾಗಿ ತಣ್ಣಗಿದ್ದಾಗ ಕರೆಂಟ್ ಹರಿಯಲು ಬಿಡುತ್ತದೆ, ಐಸ್ ಕರಗಿ ಬಿಸಿಯಾದಾಗ ಕಡಿಯುತ್ತದೆ. ಅದೂ ಕೈಕೊಟ್ಟು ಬಿಸಿ ಮಿತಿ ಮೀರಿದರೆ ಫ್ಯೂಸ್ ಹಾರುತ್ತದೆ. ಕರಗಿದ ನೀರು ಒಂದು ಕಿಂಡಿಯಿಂದ ಇಳಿದು ಕಂಪ್ರೆಸರ್ ಮೇಲಿನ ತಟ್ಟೆಗೆ ಬಿದ್ದು, ಅದರ ಬಿಸಿಗೆ ಆರಿಹೋಗುತ್ತದೆ. ಅದಕ್ಕೇ ನಾವು ನೀರು ಚೆಲ್ಲುವ ಪ್ರಶ್ನೆ ಬರುವುದಿಲ್ಲ.

ಭಾನುವಾರ ಮತ್ತೆ ಬಿಚ್ಚಿ, ಕರಗಿಸಿ, ಪ್ಲಗ್ ಕಿತ್ತಿದೆ ಎಂದು ಎರಡು ಸಲ ನೋಡಿಕೊಂಡು ಮೀಟರ್ ಹಿಡಿದೆ. ಹೀಟರ್ 310 ಓಮ್. ಮನೆಯ ವೋಲ್ಟೇಜ್ 230 ಎಂದಿಟ್ಟುಕೊಂಡು 230 ಗುಣಿಸು 230, ಅದನ್ನು 310ರಿಂದ ಭಾಗಿಸಿದರೆ ಸುಮಾರು 170 ವ್ಯಾಟ್. ಹೀಟರ್ ಸರಿ ಇದೆ. ಕರೆಂಟ್ ಹರಿಯಲು ದಾರಿ ಇದ್ದರೆ ಮೀಟರ್ ಬೀಪ್ ಎನ್ನುತ್ತದೆ. ಫ್ಯೂಸ್ ಬೀಪ್ ಕೊಟ್ಟಿತು, ಸರಿ ಇದೆ. ಬೈಮೆಟಲ್ ಬೀಪ್ ಕೊಡಲಿಲ್ಲ.

ಬಹಳ ಜನ ಎಡವುವುದು ಇಲ್ಲೇ. ಮನೆಯ ಬಿಸಿಯಲ್ಲಿ ಬೈಮೆಟಲ್ ಬೀಪ್ ಕೊಡಬಾರದು, ಒಳ್ಳೆಯದೂ ಕೊಡುವುದಿಲ್ಲ. ತಣ್ಣಗೆ ಮಾಡಿಯೇ ನೋಡಬೇಕು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಐಸ್ ತುಂಬಿದ ಲೋಟದಲ್ಲಿ ಮುಳುಗಿಸಿದೆ. ಹತ್ತು ನಿಮಿಷ, ಬೀಪ್ ಇಲ್ಲ. ಆದರೆ ಕರಗುವ ಐಸ್ ಸೊನ್ನೆ ಡಿಗ್ರಿಯಲ್ಲೇ ನಿಲ್ಲುತ್ತದೆ. ಕೆಲವು ಬೈಮೆಟಲ್ ಸೊನ್ನೆಗಿಂತ ಕೆಳಗೆ ಹೋದ ಮೇಲೆ ಮಾತ್ರ ಕರೆಂಟ್ ಹರಿಯಲು ಬಿಡುತ್ತವೆ. ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪು ತಂದು ಐಸಿಗೆ ಸುರಿದು ಕಲಕಿದೆ. ಉಪ್ಪು ಬೆರೆತರೆ ಐಸಿನ ತಂಪು ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಇನ್ನೂ ಕಾಲು ಗಂಟೆ ಇಟ್ಟೆ. ಆಗಲೂ ಬೀಪ್ ಇಲ್ಲ. ಕೆಟ್ಟದ್ದು ಇದೇ, ಸಿಕ್ಕಿಬಿದ್ದಿತು.

ಸೋಮವಾರ ಹಳೆಯದನ್ನೇ ಜೇಬಿನಲ್ಲಿಟ್ಟುಕೊಂಡು ಮಂಡಿಪೇಟೆ ಕಡೆಗೆ ಹೋದೆ. ಸುಮ್ನೆ ಬಾಯಲ್ಲಿ ಹೇಳಿದರೆ ಯಾವುದೋ ಒಂದು ಕೊಡುತ್ತಾರೆ. ಮೈಮೇಲಿನ ನಂಬರ್ ತೋರಿಸಿ ಅದೇ ಅಳತೆಯದು ತಗೊಂಡೆ, 180 ರೂಪಾಯಿ. ಮನೆಗೆ ಬಂದು ಹಾಕುವ ಮೊದಲು ಹೊಸದಕ್ಕೂ ಅದೇ ಉಪ್ಪಿನ ಐಸ್ ಪರೀಕ್ಷೆ. ಸ್ವಲ್ಪ ಹೊತ್ತಿಗೆ "ಟಿಕ್" ಎಂದು ಸಣ್ಣ ಸದ್ದು, ಮೀಟರ್ ಬೀಪ್. ಹೊರಗೆ ತೆಗೆದಿಟ್ಟರೆ ಮತ್ತೆ "ಟಿಕ್", ಬೀಪ್ ನಿಂತಿತು.

ವೈರ್ ಜೋಡಿಸುವಾಗ ಬರಿ ಟೇಪ್ ಸುತ್ತಿ ಬಿಡಬೇಡಿ. ಅಲ್ಲಿ ದಿನಾ ಐಸ್, ದಿನಾ ನೀರು. ನಾನು ಸೋಲ್ಡರ್ ಮಾಡಿ, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಹಾಕಿ, ಜೋಡಣೆಯನ್ನು ಮೇಲ್ಮುಖವಾಗಿ ಕಟ್ಟಿದೆ. ಬೈಮೆಟಲ್ ಅನ್ನು ಹಳೆಯದು ಇದ್ದ ಜಾಗದಲ್ಲೇ ಕಾಯಿಲಿಗೆ ಕಚ್ಚಿಸಿದೆ. ನೀರು ಇಳಿಯುವ ಕಿಂಡಿಗೆ ಒಂದು ಲೋಟ ಬೆಚ್ಚನೆ ನೀರು ಹಾಕಿ, ಹಿಂದಿನ ತಟ್ಟೆಗೆ ಬಂದದ್ದನ್ನು ನೋಡಿದೆ.

ರಿಪೇರಿ ಆಯಿತು ಎಂದು ಈ ಸಲ ಸುಮ್ಮನೆ ನಂಬಲಿಲ್ಲ. ಫ್ರಿಜ್ ಒಂದು ರಾತ್ರಿ ಓಡಿ ಕಾಯಿಲ್ ತಣ್ಣಗಾಗಲು ಬಿಟ್ಟೆ. ಬೆಳಿಗ್ಗೆ ಪ್ಲಗ್ ಕಿತ್ತು, ಹಿಂದೆ ಕಂಪ್ರೆಸರ್ ಪಕ್ಕದಲ್ಲಿದ್ದ ಟೈಮರನ್ನು "ಟಕ್" ಎನ್ನುವವರೆಗೆ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದೆ. ಮಿಲ್ಲಿನಿಂದ ತಂದ, ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೇ ವೈರಿಗೆ ಸಿಕ್ಕಿಸಿ ಪ್ಲಗ್ ಹಾಕಿದೆ. ಕಂಪ್ರೆಸರ್ ಸದ್ದಿಲ್ಲ, ಮೀಟರ್‌ನಲ್ಲಿ 0.7 ಆಂಪಿಯರ್. ಹೀಟರ್ ಉರಿಯುತ್ತಿದೆ. ಹಿಂದಿನ ತಟ್ಟೆಗೆ ನೀರು ಹನಿ ಹನಿ ಬೀಳತೊಡಗಿತು. ಹದಿನೆಂಟು ನಿಮಿಷಕ್ಕೆ ಮೀಟರ್ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಬೈಮೆಟಲ್ ತನ್ನ ಕೆಲಸ ಮುಗಿಸಿ ಕಡಿದಿತ್ತು. ಇನ್ನೊಂದಿಷ್ಟು ಹೊತ್ತಿಗೆ ಕಂಪ್ರೆಸರ್ ತಾನೇ ಎದ್ದಿತು. ಅಡುಗೆಮನೆ ನೆಲದ ಮೇಲೆ ಕೂತು ಆ ಸದ್ದು ಕೇಳಿದಾಗ ಆದ ಸಂತೋಷ ದೊಡ್ಡದು.

ಕರೆಂಟಿನ ಕೆಲಸ ಗೊತ್ತಿಲ್ಲದವರು ಈ ಕೊನೆಯ ಭಾಗಕ್ಕೆ ಕೈಹಾಕಬೇಡಿ. ಆದರೆ ಲೋಟದ ಥರ್ಮಾಮೀಟರ್, ನೋಟಿನ ಪರೀಕ್ಷೆ, ಕಿಂಡಿಗೆ ಅಂಗೈ ಇಡುವುದು ಯಾರಾದರೂ ಮಾಡಬಹುದು. ಇಷ್ಟು ನೋಡಿಟ್ಟುಕೊಂಡು ಮೆಕ್ಯಾನಿಕ್‌ಗೆ ಹೇಳಿದರೆ ಮಾತು ಗ್ಯಾಸಿನಿಂದ ಶುರುವಾಗುವುದಿಲ್ಲ.

ಈಗ ಎರಡು ತಿಂಗಳಾಯಿತು. ಅವ್ವನ ಬಾಟ್ಲಿಗಳು ಪಕ್ಕದ ಮನೆಯಿಂದ ವಾಪಸ್ ಬಂದಿವೆ. ನಡುವಿನ ತಟ್ಟೆಯಲ್ಲಿ, ಗಾಳಿ ಕಿಂಡಿಯಿಂದ ದೂರ ಇಟ್ಟಿದ್ದೇವೆ. ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಟ್ಟಂತೆಯೇ. ನೀರಿನ ಲೋಟವೂ ಅವುಗಳ ಪಕ್ಕದಲ್ಲೇ ಇದೆ. ದಿನಾ ಬೆಳಿಗ್ಗೆ ಇಂಜೆಕ್ಷನ್ ತಗೊಳ್ಳುವ ಮೊದಲು ಅವ್ವ ಮೊಮ್ಮಗಳನ್ನು ಕರೆದು ಕೇಳುತ್ತಾಳೆ, "ಇವತ್ತು ಎಷ್ಟು ಐತಿ ನೋಡವ್ವಾ."