ನೀರಿನ ಸಂಪಿನೊಳಗೆ ಬಿದ್ದ ಕಪ್ಪೆ: ಸೋಪು ಯಾವಾಗ ಬೇಕು?

ಎರಡು ಹದ ಮಳೆಯಾದರೆ ಸಾಕು, ಕೋಲಾರದ ನಮ್ಮ ಬೀದಿಯ ಸಂಪುಗಳಲ್ಲಿ ಕಪ್ಪೆ ಕಾಣಿಸಿಕೊಳ್ಳುತ್ತದೆ. ತೆಗೆಯಲು ಹೋದವರು ಮಾಡುವ ತಪ್ಪೂ ಒಂದೇ: ಹಿಡಿಯುವ ಮುಂಚೆ ಸ್ಯಾನಿಟೈಸರ್ ಹಚ್ಚುತ್ತಾರೆ, ಬಿಟ್ಟ ಮೇಲೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು: ಹಿಡಿಯುವ ಮುಂಚೆ ಕೈಗೆ ಏನೂ ಮೆತ್ತಿರಬಾರದು, ಬಿಟ್ಟ ಮೇಲೆ ಸೋಪು ಬೇಕು.

ಕಪ್ಪೆ ನೀರನ್ನು ಚರ್ಮದಿಂದಲೇ ಹೀರಿಕೊಳ್ಳುತ್ತದೆ. ನಿಮ್ಮ ಕೈಯಲ್ಲಿರುವ ಸೊಳ್ಳೆ ಮುಲಾಮು, ಟೊಮೆಟೊ ತೋಟಕ್ಕೆ ಹೊಡೆದ ಔಷಧಿಯೂ ಹಾಗೆಯೇ ಅದರ ಮೈಗಿಳಿಯಬಹುದು. ಕೈ ಕೊಳೆಯಾಗಿದ್ದರೆ ತೊಳೆದು, ಸೋಪಿನ ಜಾರು ಪೂರ್ತಿ ಹೋಗುವವರೆಗೆ ನೀರು ಸುರಿದುಕೊಳ್ಳಿ. ಒದ್ದೆ ಕೈಯಲ್ಲೇ ಹಿಡಿಯಿರಿ. ಒಣಗಿದ ಕೈ ಅದರ ಮೈಯ ಲೋಳೆಯನ್ನು ಕೀಳುತ್ತದೆ. ನನ್ನನ್ನು ಕೇಳಿದರೆ ಕೈಯೇ ಬೇಡ, ಹಳೆಯ ಮಗ್‌ನಲ್ಲಿ ಮೊಗೆಯಿರಿ. ಕಪ್ಪೆ ಒಳಗಿರುವಾಗಲೇ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ತೆಗೆದದ್ದನ್ನು ಹಿತ್ತಿಲಿನ ನೆರಳಿನಲ್ಲಿ ಬಿಡಿ. ದೂರದ ಕೆರೆಗೆ ಒಯ್ಯಬೇಡಿ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಹೀಗೆಯೇ ಒಂದು ನೀರಿನಿಂದ ಇನ್ನೊಂದಕ್ಕೆ ದಾಟಬಹುದು.

ಇನ್ನು ಕೈ ತೊಳೆಯುವುದು. ಎಡವುವುದೆಲ್ಲ ಇಲ್ಲಿಯೇ. ನೋಡಲು ಗಟ್ಟಿಮುಟ್ಟಾದ ಕಪ್ಪೆಯ ಮೈಮೇಲೂ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದು ನಮ್ಮ ಹೊಟ್ಟೆ ಸೇರುವುದು ಕೈಯಿಂದ ಬಾಯಿಗೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಕಪ್ಪೆ ಬಿಟ್ಟು ಬಂದವನೇ ಕಡಲೆಪುರಿಯ ತಟ್ಟೆಗೆ ಕೈ ಹಾಕಿದ. ಅವನ ಉಗುರಿನೊಳಗೆ ಹಸಿರು ಪಾಚಿ ಇನ್ನೂ ಮೆತ್ತಿಕೊಂಡಿತ್ತು. ಅವನನ್ನು ಬಚ್ಚಲಿಗೆ ಕರೆದೊಯ್ದು ತೊಳೆಸಿದ ಕ್ರಮ ಇದು: ಮೊದಲು ನೀರು, ಆಮೇಲೆ ಸೋಪು; ಅಂಗೈ, ಕೈ ಹಿಂಬದಿ, ಬೆರಳ ಸಂದು, ಹೆಬ್ಬೆರಳಿನ ಬುಡ, ಉಗುರಿನೊಳಗೆ; ಕಡಿಮೆಯೆಂದರೆ 20 ಸೆಕೆಂಡು. ಕೊಳೆ ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಉಂಗುರ ಬಿಚ್ಚಿ. ಕೊಳೆಗೈಯಲ್ಲಿ ತಿರುಗಿಸಿದ ನಲ್ಲಿಯನ್ನೂ ತೊಳೆಯಿರಿ. ಮಗ್ಗನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಲೇಬೇಡಿ.

ಕಪ್ಪೆ ಮುಟ್ಟಿದರೆ ನರಹುಲಿ ಏಳುತ್ತದೆ ಎಂದು ಹೆದರುವವರು ಬಹಳ. ನರಹುಲಿ ಬರುವುದು ಮನುಷ್ಯರಲ್ಲಿ ಹರಡುವ ವೈರಸ್‌ನಿಂದ. ಹೆದರಬೇಕಾದದ್ದು ಗಂಟುಮೈಯ ನೆಲಗಪ್ಪೆಯ ಕಣ್ಣಿನ ಹಿಂದಿನ ಉಬ್ಬು ಗ್ರಂಥಿಗೆ. ಒತ್ತಿದರೆ ಹಾಲಿನಂಥ ವಿಷ ಒಸರುತ್ತದೆ. ಅದು ಕಣ್ಣಿಗೆ ತಗುಲಿ ಉರಿ ಹತ್ತಿದರೆ ಉಜ್ಜದೆ ಧಾರಾಳವಾಗಿ ನೀರು ಹಾಯಿಸಿ, ವೈದ್ಯರಿಗೆ ತೋರಿಸಿ.

ಸಂಪಿನ ನೀರನ್ನು ಕುದಿಸದೆ ಕುಡಿಯಬೇಡಿ. ಸತ್ತ ಕಪ್ಪೆ ಸಿಕ್ಕಿದರೆ ಸಂಪು ಖಾಲಿ ಮಾಡಿ ತೊಳೆಯಿರಿ.

5 ವರ್ಷದೊಳಗಿನ ಮಕ್ಕಳು ಕಪ್ಪೆ ಮುಟ್ಟುವುದೇ ಬೇಡ. ವಯಸ್ಸಾದವರಿಗೂ ಅಪಾಯ ಹೆಚ್ಚು. ಮುಟ್ಟಿದ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆನುಲಿತ ಬಂದರೆ ವೈದ್ಯರ ಬಳಿ ಹೋಗಿ, ಕಪ್ಪೆಯ ವಿಷಯವನ್ನೂ ಮರೆಯದೆ ಹೇಳಿ.